ಹಿಂದಕ್ಕೆ ನಡೆದು ದಾಟಿದ ತೂಗುಸೇತುವೆ

ಮಸ್ಕಿ ಬಿಡುವ ಮುನ್ನ

ನಮ್ಮ ಕಡೆಯಿಂದ ನೇಪಾಳಕ್ಕೆ ಹೋಗಿ ಬಂದವರೆಲ್ಲ ಒಂದೇ ಕಥೆ ಹೇಳುತ್ತಾರೆ. ಪಶುಪತಿನಾಥನ ದರ್ಶನ ಆಯಿತು, ಹಿಮದ ಬೆಟ್ಟ ಕಂಡಿತು, ಕೆಳಗೆ ಪಾತಾಳ ಕಾಣುವ ತೂಗುಸೇತುವೆಯ ಮೇಲೆ ಶಿವನಾಮ ಹೇಳುತ್ತ ನಡೆದೆವು, ಎಳ್ಳುಕಾಳಿನಷ್ಟೂ ಅಂಜಿಕೆ ಆಗಲಿಲ್ಲ. ಈ ಕೊನೆಯ ಮಾತನ್ನು ಬಿಟ್ಟು ಕಥೆ ಮುಗಿಸಿದವರನ್ನು ನಾನು ಸಿಂಧನೂರಿನಲ್ಲೂ ಕಂಡಿಲ್ಲ, ನಮ್ಮ ಮಸ್ಕಿಯಲ್ಲೂ ಕಂಡಿಲ್ಲ.

ನನ್ನ ತಕರಾರು ಇರುವುದು ಆ ಮಾತಿನ ಮೇಲೆಯೇ. ದರ್ಶನ ಆಗಿರಬಹುದು, ಹಿಮ ಕಂಡಿರಬಹುದು. ಆದರೆ ಅಂಜಿಕೆ ಆಗಲಿಲ್ಲ ಎನ್ನುವುದಕ್ಕೆ ಸಾಕ್ಷಿ ಯಾರು? ಹೇಳುವವರ ಬಾಯಿ. ಈ ಮೊಕದ್ದಮೆಯಲ್ಲಿ ಬಾಯಿಯೇ ಕಕ್ಷಿದಾರ, ಅದರ ಸಾಕ್ಷಿ ನಡೆಯುವುದಿಲ್ಲ. ಕೇಳಬೇಕಾದದ್ದು ಮೊಣಕಾಲನ್ನು, ಅಂಗೈಯನ್ನು, ಹೊಟ್ಟೆಯನ್ನು.

ಇದು ನನಗೆ ಗೊತ್ತಾದದ್ದು ಲಿಂಗಸುಗೂರಿನ ಕಾಲೇಜಿನಲ್ಲಿ. ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದೆ. ಮೊದಲನೇ ಸಲ ಕೈಯಲ್ಲಿದ್ದ ಹಾಳೆ ನಡುಗುವ ಸದ್ದು ಮೈಕಿನೊಳಗೆ ಹೋಗಿ ಸಭಾಂಗಣಕ್ಕೆಲ್ಲ ಪಟಪಟ ಕೇಳಿಸಿತು. ಎರಡನೇ ಸಲ ಹಾಳೆಯನ್ನು ಪೋಡಿಯಂ ಮೇಲೆ ಇಟ್ಟುಬಿಟ್ಟೆ, ಮೊಣಕಾಲನ್ನು ಅದರ ಹಿಂದೆ ಬಚ್ಚಿಟ್ಟೆ. ಬಹುಮಾನ ಬಂತು. ತೀರ್ಪುಗಾರರೊಬ್ಬರು "ಅಳುಕೇ ಇಲ್ಲದ ಹುಡುಗಿ" ಎಂದರು. ಅವರಿಗೆ ಕಂಡದ್ದು ಎದೆಯಿಂದ ಮೇಲಿನ ನಾನು ಮಾತ್ರ.

ಹೀಗಾಗಿ, ನೀಲಮ್ಮತ್ತೆ ನೇಪಾಳಕ್ಕೆ ಹೊರಟಾಗ ಜೊತೆಗೆ ನಾನೂ ಹೊರಟದ್ದರಲ್ಲಿ ಸ್ವಲ್ಪ ತನಿಖೆಯ ಉದ್ದೇಶವೂ ಇತ್ತು. ನೀಲಮ್ಮತ್ತೆ ನನ್ನಪ್ಪನ ಅಕ್ಕ. ಜವಳಗೇರಾದಲ್ಲಿ ಮನೆ, ಕಾಲುವೆ ಬದಿಗೆ ಒಂದಿಷ್ಟು ಗದ್ದೆ. ತನ್ನ ಗದ್ದೆಯ ನಾಟಿ ಮುಗಿದ ಮೇಲೆ ಊರವರ ಗದ್ದೆಗೂ ನಾಟಿ ಹಚ್ಚಲು ಹೋಗುತ್ತಾಳೆ. ಅವಳ ಉದ್ದೇಶ ಪಶುಪತಿನಾಥನೂ ಅಲ್ಲ, ಹಿಮವೂ ಅಲ್ಲ. ಅವಳ ಉದ್ದೇಶ ಒಂದು ಕೌದಿ.

ಅದರ ಹಿಂದಿನ ಹಕೀಕತ್ತು ಹೀಗಿದೆ. ಜವಳಗೇರಾದ ಒಂದು ರೈಸ್‌ಮಿಲ್ಲಿಗೆ ಹದಿನೆಂಟು ವರ್ಷ ನೇಪಾಳದವನೊಬ್ಬ ಕಾವಲುಗಾರನಾಗಿದ್ದ. ಅವನ ಹೆಂಡತಿ ಮಾಯಾ ಅತ್ತೆಯ ಪಕ್ಕದ ಮನೆಯಾಕೆ. ಮಾಯಾಳ ಮಗಳು ಸರಿತಾ ಹುಟ್ಟಿದ್ದು ಜವಳಗೇರಾದಲ್ಲೇ, ಬೆಳೆದದ್ದು ಅತ್ತೆಯ ಸೊಂಟದ ಮೇಲೆ, ಮಲಗಿದ್ದು ಅತ್ತೆ ಹಳೆ ಸೀರೆಯ ತುಂಡು ಕೂಡಿಸಿ ಹೊಲಿದ ಕೌದಿಯ ಮೇಲೆ. ಆರು ವರ್ಷದ ಹಿಂದೆ ಅವರೆಲ್ಲ ತಮ್ಮೂರಿಗೆ ಮರಳಿದರು. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಮಾತು ಕೊಟ್ಟಿದ್ದಳು: "ಸರಿತಾನ ಕೂಸಿಗೂ ಕೌದಿ ನಾನ ಹಾಸ್ತೀನಿ." ಈಗ ಸರಿತಾ ಹೆರಿಗೆಗೆ ತಾಯಿಯ ಮನೆಗೆ ಬಂದಿದ್ದಾಳೆ ಎಂದು ಫೋನು ಬಂದಿತ್ತು.

"ಪಾರ್ಸಲ್ ಮಾಡಿದ್ರ ಆಗೂದಿಲ್ಲೇನು ಅತ್ತಿ?" ಎಂದೆ.

"ಕೌದಿ ಹಾಸೂದು, ಕಳಿಸೂದಲ್ಲ. ಹೊಲಿದಾಕಿ ಕೈಲೇ ಹಾಸಬೇಕು. ನಿನ್ನ ಕೌದಿ ಏನು ಪೋಸ್ಟಿನ್ಯಾಗ ಬಂದಿತ್ತೇನ?"

ಮಸ್ಕಿಯಿಂದ ಹೊರಟ ಯಾತ್ರೆಯ ಗುಂಪಿನಲ್ಲಿ ಎರಡು ಸೀಟು ಹಿಡಿದೆವು.

ಸುನೌಲಿ ಗಡಿ

ಗಡಿ ಎಂದರೆ ನಾನು ಏನೇನೋ ಅಂದುಕೊಂಡಿದ್ದೆ. ನೋಡಿದರೆ ಒಂದು ಕಮಾನು, ಅದರ ಕೆಳಗೆ ಸೈಕಲ್‌ರಿಕ್ಷಾ, ಈರುಳ್ಳಿ ಮೂಟೆ, ಮದುವೆಗೆ ಹೊರಟವರು. ನಮ್ಮ ಸಂತೆಯ ದಿನದ ಮಸ್ಕಿಗಿಂತ ಬೇರೆಯೇನಲ್ಲ. ಒಬ್ಬ ಸಿಪಾಯಿ ಮಾತ್ರ ಗುರುತಿನ ಚೀಟಿ ನೋಡುತ್ತಿದ್ದ. ಅತ್ತೆಯ ಮತದಾರರ ಚೀಟಿಯಲ್ಲಿದ್ದ ಫೋಟೊ ಅತ್ತೆಯನ್ನು ಬಿಟ್ಟು ಊರಿನ ಇನ್ಯಾವ ಹೆಂಗಸನ್ನಾದರೂ ಹೋಲುತ್ತಿತ್ತು. ಅವನು ಚೀಟಿ ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ಚೀಟಿ ನೋಡಿದ.

ಅತ್ತೆ ಅವನ ಮುಖದೆದುರೇ ಬಾಯಿ ಅಗಲಿಸಿ ಆಕಳಿಸಿದಳು. ಒಂದಲ್ಲ, ಮೂರು ಸಲ.

ಸಿಪಾಯಿಗೆ ನಗು ಬಂತು. "ಪಾಪ, ಅಮ್ಮನಿಗೆ ನಿದ್ದೆ" ಎಂದು ಹಿಂದಿಯಲ್ಲಿ ಹೇಳಿ ಚೀಟಿ ವಾಪಸು ಕೊಟ್ಟ. ಗುಂಪಿನ ಮುಂದಾಳು, ನಿವೃತ್ತ ಮಾಸ್ತರರು, ಬೆರಗಾದರು: "ನೀಲಮ್ಮ, ಪೊಲೀಸನ ಮುಂದ ಆಕಳಿಸಾಕ ಎಂಟೆದಿ ಬೇಕ ನೋಡ್ರಿ."

ಅತ್ತೆಗೆ ಊರಿನಲ್ಲಿ ಧೈರ್ಯವಂತೆ ಎಂಬ ಹೆಸರು ಬಂದದ್ದೇ ಈ ಆಕಳಿಕೆಯಿಂದ. ಗದ್ದೆಯಲ್ಲಿ ಹಾವು ಎದ್ದರೆ ಉಳಿದವರು ಕೂಗುತ್ತಾರೆ, ಇವಳು ಆಕಳಿಸುತ್ತಾಳೆ. ನನ್ನ ಅಭಿಪ್ರಾಯ ಬೇರೆ. ಗಾಬರಿಯಾದಾಗ ಕೆಲವರಿಗೆ ಬೆವರು ಬರುತ್ತದೆ, ಕೆಲವರಿಗೆ ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಆಕಳಿಕೆಯೂ ಬರುತ್ತದೆ. ಬಸ್ಸಿನಲ್ಲಿ ಕೂತ ಮೇಲೆ ಅದನ್ನೇ ಹೇಳಿದೆ.

"ಅತ್ತಿ, ನಿನಗ ಬಂದದ್ದು ನಿದ್ದಿ ಅಲ್ಲ. ಅಂಜಿಕಿ."

"ಸುಮ್ನ ಕುಂದ್ರಬೇ ವಕೀಲ್ತಿ. ಆಕಳಿಕಿಗೂ ಜಾಮೀನು ಬೇಕೇನು?"

ಕಠ್ಮಂಡು

ಇಲ್ಲಿ ಎರಡು ದಿನ ಇದ್ದೆವು. ದರ್ಶನದ ಸಾಲು, ಪಾರಿವಾಳ, ಬಾಗ್ಮತಿ ನದಿ, ಇವನ್ನು ಬೇರೆಯವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನನಗೆ ಹಿಡಿಸಿದ್ದು ಊಟದ ರೀತಿ. ಬೆಳಿಗ್ಗೆಯೂ ಅನ್ನ ಬೇಳೆ, ಸಂಜೆಯೂ ಅನ್ನ ಬೇಳೆ. ಮುಗಿಯಿತು ಎನ್ನುವ ಮೊದಲೇ ಮತ್ತೆ ಬಡಿಸುತ್ತಾರೆ. ಬೇಡ ಎನ್ನಲು ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಲ್ಲೇ ಹಾಕುತ್ತಾರೆ. ಈ ವಿಷಯದಲ್ಲಿ ನಮ್ಮ ಕಡೆಯ ಮದುವೆಮನೆಗಳಿಗೆ ಅವರು ಬೀಗರಾಗಬಹುದು. ಭತ್ತದ ನಾಡಿನಿಂದ ಬಂದ ಅತ್ತೆ ಅಕ್ಕಿಯನ್ನು ಬೆರಳಲ್ಲಿ ಒತ್ತಿ ನೋಡಿ, "ಹಳೇ ಅಕ್ಕಿ, ಛಲೋ ಐತಿ" ಎಂದು ಒಪ್ಪಿಗೆ ಕೊಟ್ಟಳು. ಎರಡನೇ ದಿನ ಸಂಜೆ ಮಾತ್ರ ಚೀಲದಿಂದ ಒಣಗಿಸಿದ ಜೋಳದ ಕಟಿ ರೊಟ್ಟಿ ತೆಗೆದು ಶೇಂಗಾ ಚಟ್ನಿ ಹಚ್ಚಿ ತಿಂದಳು. ಹೋಟೆಲಿನಾಕೆಗೂ ಒಂದು ಕೊಟ್ಟಳು. ಆಕೆ ಅದನ್ನು ಹಪ್ಪಳವೆಂದು ತಿಳಿದು ಬೇಳೆಗೆ ಮುರಿದು ಹಾಕಿಕೊಂಡಳು. ತಪ್ಪೇನಿಲ್ಲ, ರುಚಿಯಾಗಿತ್ತು.

ಗುಡ್ಡಗಳು ಮಾತ್ರ ನನಗೆ ಒಗ್ಗಲಿಲ್ಲ. ನಮ್ಮಲ್ಲಿ ಗುಡ್ಡವೆಂದರೆ ಮಸ್ಕಿಯದು, ಅದು ಕೂತಲ್ಲೇ ಕೂತಿರುತ್ತದೆ. ಜವಳಗೇರಾದಲ್ಲಂತೂ ಎತ್ತರ ಎಂದರೆ ಕಾಲುವೆಯ ಏರಿ. ಇಲ್ಲಿ ಕಿಟಕಿ ತೆಗೆದರೆ ಗುಡ್ಡ, ತಲೆ ಎತ್ತಿದರೆ ಅದರ ಮೇಲೊಂದು ಗುಡ್ಡ.

"ಮಾಯಾ ನಮ್ಮೂರಿಗೆ ಬಂದ ಹೊಸತಿಗೆ ಒಂದು ತಿಂಗಳು ಹೊಸ್ತಿಲು ದಾಟಿರಲಿಲ್ಲ" ಎಂದಳು ಅತ್ತೆ. "ಬಯಲು ನೋಡಿದ್ರ ಎದಿ ಡವಡವ ಅಂತೈತಿ ಅಂತಿದ್ಲು. ಹಿಡಕೊಳ್ಳಾಕ ಒಂದು ಗುಡ್ಡ ಇಲ್ಲ, ಆಕಾಶ ಮೈಮ್ಯಾಲ ಬೀಳತೈತಿ ಅಂತಿದ್ಲು. ನಾ ದಿನಾ ಕೈ ಹಿಡದು ಕಾಲುವಿತನಾ ಕರಕೊಂಡು ಹೋಗಿ ಬರ್ತಿದ್ದೆ."

ಬಯಲಿಗೂ ಅಂಜುವವರಿದ್ದಾರೆ ಎಂಬುದು ನನಗೆ ಹೊಸ ಸಂಗತಿ.

ತ್ರಿಶೂಲಿಯ ಈಚೆ ದಂಡೆ

ಮೂರನೇ ದಿನ ಗುಂಪು ಮನಕಾಮನಾ ದೇವಿಯ ಗುಡಿಗೆ ಹೊರಟಿತು. ಮಾಯಾಳ ಊರು ಅದೇ ದಾರಿಯಲ್ಲಿ, ತ್ರಿಶೂಲಿ ನದಿಯ ಆಚೆ ದಂಡೆಯಲ್ಲಿ. ಮಾಸ್ತರರು ನಮ್ಮನ್ನು ರಸ್ತೆಯ ಬದಿಗೆ ಇಳಿಸಿ, "ನಾಲ್ಕು ಗಂಟೆಕ್ಕ ಬಸ್ಸು ಇಲ್ಲೇ ನಿಲ್ಲತೈತಿ. ತಡಾ ಮಾಡಬ್ಯಾಡ್ರಿ, ಮುಂದ ಪೊಖರಾಕ್ಕ ಹೋಗೂದೈತಿ" ಎಂದು ಹೇಳಿ ಹೋದರು.

ನದಿಯ ಮೇಲೆ ತೂಗುಸೇತುವೆ. ಉದ್ದ ಹೇಳಬೇಕೆಂದರೆ, ಜವಳಗೇರಾದ ಬಸ್‌ಸ್ಟಾಪಿನಿಂದ ಕಾಲುವೆಯವರೆಗೆ ಹಗ್ಗ ಕಟ್ಟಿದಷ್ಟು. ಅಗಲ ಇಬ್ಬರು ಎದುರಾದರೆ ಒಬ್ಬರು ಅಡ್ಡ ತಿರುಗಬೇಕಾದಷ್ಟು. ನೆಲಕ್ಕೆ ಕಬ್ಬಿಣದ ಪಟ್ಟಿ, ಪಟ್ಟಿಗಳ ನಡುವೆ ಸಂದಿ, ಸಂದಿಯಲ್ಲಿ ನೀರು. ನಮ್ಮ ಕಾಲುವೆಯ ನೀರು ದುಡಿಯಲು ಹೊರಟವರಂತೆ ಹೋಗುತ್ತದೆ, ಈ ನೀರು ಜಗಳಕ್ಕೆ ಹೊರಟವರಂತೆ ಹೋಗುತ್ತಿತ್ತು. ವಾಹನ ದಾಟುವ ಸೇತುವೆ ಬಹಳ ದೂರ, ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತಿತ್ತು.

ಆಚೆ ತುದಿಯಲ್ಲಿ ಕೆಂಪು ಸೀರೆಯ ಒಬ್ಬಾಕೆ ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಆಮೇಲೆ ಹಿಮಾಲಯದ ಬುಡದಲ್ಲಿ ಅಪ್ಪಟ ಜವಳಗೇರಾದ ಕನ್ನಡ ಕೇಳಿಸಿತು:

"ನೀಲಕ್ಕಾ! ಜಲ್ದಿ ಬಾರಬೇ! ಚಾ ಆರಾಕತ್ತೈತಿ!"

ಅತ್ತೆ ಸೇತುವೆಯ ಮೇಲೆ ಹತ್ತು ಹೆಜ್ಜೆ ಇಟ್ಟಳು. ಹನ್ನೊಂದನೆಯದು ಇಡಲಿಲ್ಲ. ತಿರುಗಿ ಬಂದು ಕಲ್ಲಿನ ಮೇಲೆ ಕುಳಿತು, "ಒಂದಕ್ಕ ಬಂದಂಗಾಗೈತಿ" ಎಂದಳು. ಪೊದೆಯ ಹಿಂದೆ ಹೋಗಿ ಬಂದಳು. ನೀರು ಕುಡಿದಳು. ಮತ್ತೆ ಪೊದೆಯ ಹಿಂದೆ ಹೋದಳು.

"ನಾ ಬರ್ಲೇನು, ಕೈ ಹಿಡೀಲಾಕ?" ಎಂದು ಮಾಯಾ ಕೂಗಿದಳು.

"ಬ್ಯಾಡ! ನೀ ಕಾಲಿಟ್ರ ಇನ್ನಷ್ಟು ಜಗ್ಗತೈತಿ!"

ಇದೇ ಸಮಯವೆಂದು ನಾನು ನನ್ನ ವಾದ ಮಂಡಿಸಿದೆ. ಎದೆ ಹೊಡೆದುಕೊಳ್ಳುವುದು ಕಾಲಿಗೆ ರಕ್ತ ಕಳಿಸಲಿಕ್ಕೆ. ಬಾಯಿ ಒಣಗುವುದು ಇದು ಊಟದ ಹೊತ್ತಲ್ಲ ಎಂದು ಮೈ ತೀರ್ಮಾನಿಸಿದ್ದಕ್ಕೆ. ಹೊಟ್ಟೆ ಕಲಕುವುದೂ ಅದಕ್ಕೇ. ಇದು ರೋಗವಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ, ಓಡಲಿಕ್ಕೋ ಬಡಿದಾಡಲಿಕ್ಕೋ ಮೈ ಮಾಡಿಕೊಳ್ಳುವ ತಯಾರಿ. ಇಷ್ಟು ತಿಳಿದುಕೊಂಡರೆ ಅರ್ಧ ಅಂಜಿಕೆ ಹೋಗುತ್ತದೆ.

ಅತ್ತೆ ಪೂರ್ತಿ ಕೇಳಿದಳು. "ಅಂದ್ರ ನನ್ನ ಮೈ ತಯಾರಾಗೈತಿ, ನಾ ಒಬ್ಬಾಕಿನ ತಯಾರಾಗಿಲ್ಲ ಅಂತಿ?"

"ಬರೋಬರಿ."

"ಇಷ್ಟೆಲ್ಲಾ ಗೊತ್ತಿದ್ದಾಕಿ ನೀ ಮುಂದ ನಡಿ. ನಾ ನೋಡಿ ಬರ್ತೀನಿ."

ನಡೆದೆ. ಮೊದಲ ಇಪ್ಪತ್ತು ಹೆಜ್ಜೆ ಸರಿಯಾಗಿಯೇ ಇದ್ದವು. ಅಷ್ಟರಲ್ಲಿ ಹಿಂದಿನಿಂದ ತನಗಿಂತ ದೊಡ್ಡ ಹುಲ್ಲಿನ ಹೊರೆ ಬೆನ್ನಿಗೆ ಹೊತ್ತ ಹೆಂಗಸೊಬ್ಬಳು ಫೋನಿನಲ್ಲಿ ಯಾರನ್ನೋ ಬೈಯುತ್ತ ಬಂದು ನನ್ನನ್ನು ದಾಟಿ ಹೋದಳು. ಅವಳ ಹೆಜ್ಜೆಗೆ ಸೇತುವೆ ಅಲೆಯಂತೆ ಎದ್ದು ನನ್ನ ಪಾದದ ಕೆಳಗೆ ಇಳಿಯಿತು. ನನ್ನ ಮೊಣಕಾಲುಗಳು ನನ್ನನ್ನು ಕೇಳದೆ ತಮ್ಮ ಕೆಲಸ ಶುರುಮಾಡಿದವು. ನಾಲಿಗೆ ಅಂಗುಳಕ್ಕೆ ಅಂಟಿತು. ಕಿವಿಯಲ್ಲಿ ನದಿಯ ಸದ್ದು ಹೋಗಿ ನನ್ನದೇ ನಾಡಿಯ ಸದ್ದು ಬಂತು. ಎಲ್ಲ ನನಗೆ ಗೊತ್ತಿದ್ದದ್ದೇ, ಈಗತಾನೆ ಅತ್ತೆಗೆ ಬಿಡಿಸಿ ಹೇಳಿದ್ದೇ. ಗೊತ್ತಿದ್ದದ್ದರಿಂದ ಅರ್ಧವಲ್ಲ, ಒಂದು ಕಾಳಿನಷ್ಟೂ ಕಡಿಮೆಯಾಗಲಿಲ್ಲ. ಇಲ್ಲಿ ಪೋಡಿಯಂ ಇರಲಿಲ್ಲ.

"ಏನ್ ಮಾಡಾಕತ್ತಿ ಅಲ್ಲಿ?" ಅತ್ತೆ ದಂಡೆಯಿಂದ ಕೂಗಿದಳು.

"ಫೋಟೊ ತಗೀತೀನಿ!"

"ಫೋಟೊಕ್ಕ ಮೊಣಕಾಲ್ಯಾಕ ಕುಣಿತಾವ?"

ಬೆವೆತ ಬೆರಳಿಗೆ ಫೋನಿನ ಪರದೆ ಮಾತು ಕೇಳಲಿಲ್ಲ. ಕೊನೆಗೂ ಒಂದು ಫೋಟೊ ಬಂತು, ಅದರ ತುಂಬ ನನ್ನ ಹೆಬ್ಬೆರಳು. ಕಂಬಿ ಬಿಡದೆ, ಒಂದೊಂದೇ ಪಾದ ಎಳೆದುಕೊಂಡು ವಾಪಸು ಬಂದೆ. ಅತ್ತೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ತಿರುಗಿ ವಾದಿಸಬಹುದಿತ್ತು. ಅವಳು ನನ್ನನ್ನು ನೋಡಿದಳು, ಆಚೆ ದಂಡೆಯ ಕೆಂಪು ಸೀರೆಯನ್ನು ನೋಡಿದಳು, ಎದ್ದಳು.

ನಡುಸೇತುವೆ

ಚಪ್ಪಲಿ ಬಿಟ್ಟು ಚೀಲಕ್ಕೆ ಹಾಕಿದಳು. ಸೀರೆಯನ್ನು ಕಚ್ಚೆ ಹಾಕಿ ಮೊಣಕಾಲಿನವರೆಗೆ ಎತ್ತಿ ಕಟ್ಟಿದಳು. ಕೌದಿಯ ಗಂಟನ್ನು ಬೆನ್ನಿಗೆ ಬಿಗಿದಳು. ಆಮೇಲೆ ಸೇತುವೆಗೆ ಬೆನ್ನು ಮಾಡಿ, ನನ್ನ ಕಡೆ ಮುಖ ಮಾಡಿ ನಿಂತಳು. ಸೊಂಟ ಬಗ್ಗಿಸಿದಳು.

ನನಗೆ ತಕ್ಷಣ ತಿಳಿಯಿತು. ನಾಟಿ.

ನಮ್ಮ ಕಾಲುವೆ ಸೀಮೆಯವರಿಗೆ ಇದನ್ನು ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಭತ್ತದ ಸಸಿ ಹಚ್ಚುವ ಹೆಂಗಸರು ಮುಂದಕ್ಕೆ ನಡೆಯುವುದಿಲ್ಲ. ಹಚ್ಚಿದ ಸಸಿ ತುಳಿಯಬಾರದೆಂದು ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಹಿಂದೆ ಏನಿದೆ ಎಂದು ಯಾರೂ ತಿರುಗಿ ನೋಡುವುದಿಲ್ಲ. ಕೆಸರಿನಲ್ಲಿ ಹಿಮ್ಮಡಿ ಇಳಿಯುವ ಮೊದಲು ಬೆರಳು ಹುಡುಕುತ್ತದೆ, ನೆಲ ಸಿಕ್ಕ ಮೇಲೆ ಭಾರ ಬಿಡುತ್ತದೆ. ಬೆಳಗಿನಿಂದ ಸಂಜೆಯವರೆಗೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ.

"ನೀರು ನೋಡಬ್ಯಾಡ. ನನ್ನ ಮಾರಿ ನೋಡು. ನಾ ಹಿಂದ ಸರದಂಗ ನೀ ಮುಂದ ಬಾ" ಎಂದಳು.

"ಅತ್ತಿ, ಹಿಂದ ನಡದ್ರ ಬೀಳೂ ಸಂಭವ ಇನ್ನಾ ಜಾಸ್ತಿ. ಇದಕ್ಕ ಯಾವ ಆಧಾರಾನೂ..."

"ಬಾಯಿ ಮುಚ್ಚಿ ಸಾಲು ಹಿಡಿ."

ಸಾಲು ಹಿಡಿದೆ. ಅವಳ ಎಡಗೈ ತಂತಿಯ ಮೇಲೆ. ಬಲಗೈ ಸುಮ್ಮನಿರಲಿಲ್ಲ. ಒಂದು ಹೆಜ್ಜೆಗೊಮ್ಮೆ ಬಗ್ಗಿ ಪಟ್ಟಿಯನ್ನು ಮುಟ್ಟುತ್ತಿತ್ತು, ಸಸಿ ಊರಿದಂತೆ. ಹತ್ತು ಹೆಜ್ಜೆಯಾದ ಮೇಲೆ "ಒಂದು ಸಾಲಾತು" ಎನ್ನುವಳು. ಇನ್ನು ಹತ್ತು, "ಎರಡಾತು". ನಾನು ಅವಳ ಮುಖ ನೋಡುತ್ತ ನಡೆದೆ. ಹಣೆಯ ವಿಭೂತಿ ಬೆವರಿಗೆ ಹುಬ್ಬಿನವರೆಗೆ ಇಳಿದಿತ್ತು. ಮೂರನೇ ಸಾಲಿಗೆ ಅವಳು ಆಕಳಿಸಿದಳು. ನಾನೂ ಆಕಳಿಸಿದೆ. ಆಕಳಿಕೆ ಅಂಟುಜಾಡ್ಯವೆಂಬುದು ಎಲ್ಲರಿಗೂ ಗೊತ್ತು, ಆದ್ದರಿಂದ ನನ್ನದನ್ನು ಸಾಕ್ಷ್ಯವಾಗಿ ಪರಿಗಣಿಸಬಾರದು.

ನಡುವೆ ಬರುವಷ್ಟರಲ್ಲಿ ಆಚೆಯಿಂದ ಆಡುಗಳ ಒಂದು ಹಿಂಡು ನುಗ್ಗಿತು. ಸೇತುವೆ ಕುಣಿಯಿತು. ಆಡುಗಳು ಅತ್ತೆಯ ಕಾಲಸಂದಿಯಿಂದ ನುಸುಳಿ, ನನ್ನನ್ನು ಉಜ್ಜಿಕೊಂಡು ಹೋದವು. ಆ ಕ್ಷಣ ನಮ್ಮಿಬ್ಬರ ಕೈ ಒಂದನ್ನೊಂದು ಹಿಡಿದಿದ್ದವು. ಹಿಡಿದ ಕೈ ತಣ್ಣಗಿತ್ತು, ಒದ್ದೆಯಾಗಿತ್ತು. ಅತ್ತೆಯ ಕೈ ಅಷ್ಟು ತಣ್ಣಗಿತ್ತು ಎಂದು ನಾನು ಆಗ ಮನಸ್ಸಿನಲ್ಲೇ ದಾಖಲು ಮಾಡಿಕೊಂಡೆ. ಈಗ ಬರೆಯುವಾಗ ನನಗೇ ಆಕ್ಷೇಪ ಬರುತ್ತಿದೆ. ಎರಡು ಒದ್ದೆ ಕೈ ಕೂಡಿದಾಗ ಬೆವರು ಯಾರದು ಎಂದು ಹೇಗೆ ತೀರ್ಮಾನಿಸುವುದು?

"ಹದಿನಾಕು ಸಾಲಾತು" ಎಂದಾಗ ಅವಳ ಹಿಮ್ಮಡಿಗೆ ಮಣ್ಣು ಸಿಕ್ಕಿತು. ಹಿಂದಿನಿಂದ ಮಾಯಾ ಅವಳನ್ನು ಕೌದಿಯ ಸಮೇತ ತಬ್ಬಿಕೊಂಡಳು.

"ಇಲ್ಲೂ ನಾಟಿಗೆ ಬಂದೀಯೇನಬೇ ನೀಲಕ್ಕ?" ಎಂದು ಅಳುತ್ತಲೇ ನಕ್ಕಳು.

ಆಚೆ ದಂಡೆ

ಮಾಯಾಳ ಮನೆ ಗುಡ್ಡಕ್ಕೆ ಅಂಟಿಕೊಂಡಿದೆ. ಅಂಗಳದ ಒಂದು ಬದಿ ಗೋಡೆ, ಇನ್ನೊಂದು ಬದಿ ಗಾಳಿ. ಅಲ್ಲಿ ಕೋಳಿಗಳು ಆರಾಮಾಗಿ ತಿರುಗುತ್ತಿದ್ದವು. ನಾನು ಗೋಡೆಯ ಬದಿಗೇ ಕುಳಿತೆ. ಚಹಾ ನಿಜಕ್ಕೂ ಆರಿತ್ತು, ಮತ್ತೆ ಕಾಸಿದರು. ಅದರ ಜೊತೆ ಏನು ಕೊಟ್ಟರು ಗೊತ್ತೇ? ಮಂಡಾಳು ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ಭಜಿ. ಊರು ಬಿಟ್ಟು ಆರು ವರ್ಷವಾದರೂ ಮಾಯಾಳ ಮಿರ್ಚಿ ನಮ್ಮ ಬಸ್‌ಸ್ಟ್ಯಾಂಡಿನ ಮಿರ್ಚಿಯೇ.

ಸರಿತಾ ಕೂಸನ್ನು ತಂದಳು. ಹೆಣ್ಣು, ಹತ್ತು ದಿನದ್ದು, ಮರುದಿನ ಹೆಸರಿಡುವವರಿದ್ದರು. ಅತ್ತೆ ಗಂಟು ಬಿಚ್ಚಿ ಕೌದಿ ಹಾಸಿದಳು. ಅದರಲ್ಲಿ ಇಳಕಲ್ ಸೀರೆಯ ಸೆರಗಿತ್ತು, ಸರಿತಾಳ ಶಾಲೆಯ ಲಂಗದ ತುಂಡಿತ್ತು. ಅದನ್ನು ಅತ್ತೆ ಆರು ವರ್ಷ ಎತ್ತಿಟ್ಟಿದ್ದಳು ಎಂದು ನನಗೂ ಆಗಲೇ ಗೊತ್ತಾದದ್ದು. ಸರಿತಾ ಆ ತುಂಡಿನ ಮೇಲೆ ಬೆರಳಾಡಿಸಿ, "ನೀಲವ್ವ, ಇದರ ಕಿಸೆ ಹರದಿದ್ದಕ್ಕ ನೀನ ಬಡದಿದ್ದಿ" ಎಂದಳು.

ಕೂಸನ್ನು ಕೌದಿಯ ಮೇಲೆ ಇಳಿಸುವಾಗ ಅದು ಫಕ್ಕನೆ ಎರಡೂ ತೋಳು ಚಾಚಿತು. ಬೆರಳು ಬಿರಿದು, ಬೀಳುವವರು ಕೊಂಬೆ ಹುಡುಕುವಂತೆ ಗಾಳಿ ಹಿಡಿಯಿತು. ಒಂದೇ ಕ್ಷಣ. ಅತ್ತೆಯ ಅಂಗೈ, ಮಾಯಾಳ ಅಂಗೈ ಒಟ್ಟಿಗೇ ಅದರ ಎದೆಯ ಮೇಲೆ ಬಂದವು. ಕೂಸು ಸಮಾಧಾನವಾಯಿತು.

"ನೋಡಿದ್ಯಾ?" ಎಂದಳು ಅತ್ತೆ ನನ್ನ ಕಡೆ ತಿರುಗಿ. "ಈಕೀಗಿನ್ನಾ ಹೆಸರಿಲ್ಲ, ಊರು ಗೊತ್ತಿಲ್ಲ. ಬೀಳೂದಂದ್ರ ಏನಂತ ಮೈಗೆ ಮಾತ್ರ ಗೊತ್ತೈತಿ."

ನಾನು ದಂಡೆಯಲ್ಲಿ ಮಂಡಿಸಿದ ವಾದವನ್ನೇ ಅವಳು ಮುಗಿಸಿದಳು. ನನಗಿಂತ ಕಡಿಮೆ ಮಾತಿನಲ್ಲಿ. ಅಷ್ಟರಲ್ಲಿ ಕೂಸು ಕೌದಿಯನ್ನು ತೋಯಿಸಿತು. ಮಾಯಾ ಚಪ್ಪಾಳೆ ತಟ್ಟಿದಳು: "ಕೌದಿ ಪಾಸಾತು!"

ಮೂರು ಗಂಟೆಗೆ ಎದ್ದೆವು. ಈ ಸಲ ಮಾಯಾ ನನ್ನ ಕೈ ಹಿಡಿದು ಮುಂದೆ ಕರೆದುಕೊಂಡು ಹೋದಳು. ಬಯಲಿಗೆ ತಾನು ಹೇಗೆ ಅಂಜಿದ್ದೆ ಎಂದು ಹೇಳುತ್ತ ಹೇಳುತ್ತ ರಸ್ತೆಯ ಬದಿಯ ದಂಡೆ ಮುಟ್ಟಿಸಿಯೇಬಿಟ್ಟಳು. ದಂಡೆಗೆ ಬಂದು ತಿರುಗಿ ನೋಡಿದೆ. ಅತ್ತೆ ನಡುಸೇತುವೆಯಲ್ಲಿ ಒಬ್ಬಳೇ ನಿಂತಿದ್ದಳು. ತಂತಿಗೆ ಮೊಣಕೈ ಊರಿ ನದಿ ನೋಡುತ್ತಿದ್ದಳು. ಬಾಯಿ ಆಡುತ್ತಿತ್ತು. ಎಲೆ ಅಡಿಕೆ ಮೆಲ್ಲುತ್ತಿದ್ದಳೋ, ಆಕಳಿಸುತ್ತಿದ್ದಳೋ, ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ಆಮೇಲೆ ಮುಂದೆ ಮುಖ ಮಾಡಿ ಎಲ್ಲರಂತೆ ನಡೆದು ಬಂದಳು.

ಬಸ್ಸಿನಲ್ಲಿ ಮಾಸ್ತರರು ಕೇಳಿದರು. "ಹ್ಯಾಂಗಾತ್ರಿ ನೀಲಮ್ಮ? ಅಂಜಿಕಿ ಗಿಂಜಿಕಿ?"

"ಎಳ್ಳಷ್ಟೂ ಇಲ್ಲರೀ. ನನಗೂ ಇಲ್ಲ, ನಮ್ಮ ಹುಡಿಗೀಗೂ ಇಲ್ಲ."

ನಾನು ಆಕ್ಷೇಪ ಎತ್ತಲು ಬಾಯಿ ತೆರೆದೆ. ಅತ್ತೆ ಕಿಟಕಿಯ ಕಡೆ ತಿರುಗಿದ್ದಳು. ಮುಚ್ಚಿಕೊಂಡೆ.

ಜವಳಗೇರಾ

ಊರಿಗೆ ಬಂದ ಕೆಲವು ವಾರಕ್ಕೆ ಕಾಲುವೆಗೆ ನೀರು ಬಿಟ್ಟರು. ನಾಟಿ ಶುರುವಾದ ದಿನ ಮಸ್ಕಿಯಿಂದ ಬಸ್ಸು ಹತ್ತಿ ಅತ್ತೆಯ ಗದ್ದೆಗೆ ಹೋದೆ. ಎಂಟು ಹೆಂಗಸರು ಬಗ್ಗಿ ಹಿಂದಕ್ಕೆ ಸರಿಯುತ್ತಿದ್ದರು. ಅತ್ತೆ ನೇಪಾಳದ ಕಥೆ ಹೇಳುತ್ತಿದ್ದಳು. ಪಶುಪತಿನಾಥನ ದರ್ಶನ ಆಯಿತು, ಹಿಮ ಕಂಡಿತು, ಸೇತುವೆ ದಾಟಿದೆವು, ಅಂಜಿಕೆ ಆಗಲಿಲ್ಲ. ಹಿಂದಕ್ಕೆ ನಡೆದದ್ದನ್ನು ಹೇಳಲಿಲ್ಲ. ನಡುಗಿದ ನನ್ನ ಮೊಣಕಾಲನ್ನೂ ಹೇಳಲಿಲ್ಲ.

ನಾನು ಬದುವಿನ ಮೇಲೆ ಕುಳಿತು ಕೇಳುತ್ತಿದ್ದೆ. ನಮ್ಮ ಬಯಲು ಎಷ್ಟು ದೂರದವರೆಗೆ ಕಾಣುತ್ತದೆ ಎಂದು ಮೊದಲ ಸಲ ನೋಡಿದೆ. ಒಂದು ಗುಡ್ಡವಿಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ಆದರೂ ಹಿತವಾಗಿತ್ತು. ಹೆಂಗಸರು ನೀರು ಕುಡಿಯಲು ಆಚೆ ಬದುವಿಗೆ ಹೋದರು. ಅತ್ತೆ ಒಬ್ಬಳೇ ಕೈಯಲ್ಲಿದ್ದ ಸಸಿ ಮುಗಿಸಲು ಉಳಿದಳು. ಚಪ್ಪಲಿ ಬಿಟ್ಟು ಕೆಸರಿಗಿಳಿದು, ಹಚ್ಚಿದ ಸಸಿ ತುಳಿಯದಂತೆ ಅವಳ ಎದುರಿಗೆ ಹೋಗಿ ನಿಂತೆ. ಅವಳು ತಲೆ ಎತ್ತಲಿಲ್ಲ. ಒಂದು ಸಸಿ ಊರಿ ಒಂದು ಹೆಜ್ಜೆ ಹಿಂದೆ ಸರಿದಳು, ಹಿಮ್ಮಡಿಗೆ ನೆಲ ಸಿಕ್ಕ ಮೇಲೆ ಇನ್ನೊಂದು ಹೆಜ್ಜೆ.

"ಅತ್ತಿ, ಖರೇ ಹೇಳು. ಅವತ್ತ ಸೇತುವಿ ಮ್ಯಾಲ ನೀ ಹಿಂದಕ ನಡದದ್ದು ನಿನಗ ನೀರು ಕಾಣಬಾರದಂತನೋ, ನಾ ನಿನಗ ಕಾಣ್ತಿರಬೇಕಂತನೋ?"